ಶ್ರಾವಣ ಶುಕ್ರವಾರ, ಹನ್ನೊಂದು ಗಂಟೆ

ಛತ್ರದಲ್ಲಿ ಆರೂವರೆಗೆ ಮುಹೂರ್ತ ಎಂದರೆ ನಮ್ಮ ಕಳವಾರದಿಂದ ಐದಕ್ಕೇ ವ್ಯಾನು ಹೊರಡುತ್ತದೆ. ರಿಜಿಸ್ಟರ್ ಮದುವೆಗೆ ಆ ಅವಸರ ಯಾರಿಗೂ ಇರುವುದಿಲ್ಲ. ಸಹಿ ತಾನೆ, ಯಾವಾಗ ಹಾಕಿದರೇನು ಅನ್ನುತ್ತೇವೆ. ನಾನೂ ಹಾಗೇ ಅಂದೆ. ಅದರ ಫಲ ಅನುಭವಿಸಿದವರು ನನ್ನ ಅಕ್ಕನ ಮಗ ಮತ್ತು ಅವನು ಮೆಚ್ಚಿದ ಹುಡುಗಿ.

ಜಾತಿ ಬೇರೆ, ಹುಡುಗಿಯ ಮನೆಯವರು ಒಪ್ಪಿರಲಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮೇ ತಿಂಗಳಲ್ಲಿ ನೋಟಿಸ್ ಕೊಟ್ಟರು. ಇಬ್ಬರ ಹೆಸರು, ವಿಳಾಸ ಕಚೇರಿಯ ಬೋರ್ಡಿಗೆ ಬಿತ್ತು. ಆಕ್ಷೇಪಣೆಗೆಂದು ಕಾಯುವ 30 ದಿನವೂ ಫೋನ್ ರಿಂಗಾದರೆ ಆ ಹುಡುಗಿ ಬೆಚ್ಚುತ್ತಿದ್ದಳು. ಯಾರೂ ತಕರಾರು ತೆಗೆಯಲಿಲ್ಲ. ಆಗಲೇ ಮುಗಿಸಬಹುದಿತ್ತು. ಆಷಾಢ ಕಳೆಯಲಿ, ಶ್ರಾವಣ ಶುಕ್ರವಾರ ಇಟ್ಟುಕೊಳ್ಳೋಣ ಎಂದು ಮುಂದಕ್ಕೆ ಹಾಕಿಸಿದವನು ನಾನು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಅದು ಬಿದ್ದುಹೋಗುತ್ತದೆ. ಆ ಶುಕ್ರವಾರವೇ ಕೊನೆಯ ದಿನ ಎಂದು ಹುಡುಗ ಎಚ್ಚರಿಸಿಯೂ ಇದ್ದ.

ಅಧಿಕಾರಿ ಹನ್ನೊಂದಕ್ಕೆ ಬರಹೇಳಿದ್ದರು. ಹೊರಡುವಾಗ ಅಮ್ಮ, "ಹತ್ತೂವರೆಯಿಂದ ರಾಹುಕಾಲ ಕಣಪ್ಪ" ಎಂದರು. ಹನ್ನೆರಡು ಕಳೆಯಲಿ ಬಿಡು ಎಂದು ಕೂತೆ. ಬೇಕಾದ ಮೂವರು ಸಾಕ್ಷಿಗಳಲ್ಲಿ ನಾನೊಬ್ಬ. ಮಕ್ಕಳು ಆಗಲೇ ಕಚೇರಿ ಬಾಗಿಲಲ್ಲಿ ನಿಂತಿದ್ದರು. ನಾನು ತಲುಪುವಷ್ಟರಲ್ಲಿ ಅಧಿಕಾರಿ ತುರ್ತು ಮೀಟಿಂಗಿಗೆ ಹೊರಟುಹೋಗಿದ್ದರು, ಅಂದು ಮರಳಲಿಲ್ಲ. ಸೇವಂತಿಗೆ ಹಾರವನ್ನು ಮತ್ತೆ ಕವರಿಗೆ ಹಾಕುತ್ತ ಹುಡುಗಿ ಕೇಳಿದಳು: "ಮಾವ, ನನ್ನ ಹೆಸರು ಇನ್ನೊಂದ್ಸಲ ಬೋರ್ಡಿಗೆ ಹಾಕ್ತಾರಾ?"

ಹಾಕಿದರು. ಮತ್ತೆ 30 ದಿನ.

ಛತ್ರದಲ್ಲಾದ ಮದುವೆಯನ್ನು ಆಮೇಲೆ ನೋಂದಾಯಿಸುವುದೇ ಬೇರೆ. ಅಲ್ಲಿ ನಾಲ್ಕು ದಿನ ಹೆಚ್ಚುಕಮ್ಮಿಯಾದರೂ ಮದುವೆ ಆಗಿರುತ್ತದೆ. ಈ ಕಾಯ್ದೆಯಲ್ಲಿ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಗಂಡುಹೆಣ್ಣು ಒಬ್ಬರನ್ನೊಬ್ಬರು ಒಪ್ಪಿಕೊಂಡೆವೆಂದು ಬಾಯಿಬಿಟ್ಟು ಹೇಳುವುದೇ ಮದುವೆ. ಅಧಿಕಾರಿ ಕೊಟ್ಟ ಗಂಟೆಯೇ ಮುಹೂರ್ತ. ಇಷ್ಟು ತಿಳಿದಿದ್ದರೆ ನಾನು ರಾಹುಕಾಲ ನೋಡುತ್ತಿರಲಿಲ್ಲ.

ಎರಡನೇ ಸಲ ಅವಧಿ ಮುಗಿದಾಗ ಪಿತೃಪಕ್ಷ. ಮನೆಯಲ್ಲಿ ಯಾರೂ ಪಂಚಾಂಗ ತೆಗೆಯಲಿಲ್ಲ. ಕಚೇರಿ ಬಾಗಿಲು ತೆಗೆಯುವ ಮೊದಲೇ ಆಧಾರ್ ಕಾರ್ಡ್ ಹಿಡಿದು ನಾನು ಮೆಟ್ಟಿಲ ಮೇಲಿದ್ದೆ. ಮದುವೆ ಆಯಿತು.

ನಿಮ್ಮ ಮನೆಯ ಮಕ್ಕಳು ನೋಟಿಸ್ ಕೊಟ್ಟಿದ್ದರೆ, ದೊಡ್ಡವರೇ, ದಯವಿಟ್ಟು ತಿಥಿ ನಕ್ಷತ್ರ ನೋಡುತ್ತ ಕೂರಬೇಡಿ. 30 ದಿನ ತುಂಬಿದ ವಾರದಲ್ಲೇ ಮುಗಿಸಿಕೊಡಿ.