ಹಸಿರು ಸ್ಟ್ರಿಂಗ್, ಕೆಂಪು ಕಾಮೆಂಟ್

ಕಂಪ್ಯೂಟರ್ ಪಾಠದಲ್ಲಿ ಪರದೆಯ ಬಣ್ಣವೂ ಒಂದು ಬೋಧನೋಪಕರಣ. ಪೈಥಾನ್ ಜೊತೆಗೇ ಬರುವ ಐಡಲ್‌ನಲ್ಲಿ ಕೀವರ್ಡ್‌ಗಳು ಕಿತ್ತಳೆ, ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗ್ ಹಸಿರು, ಹ್ಯಾಶ್ ಗುರುತಿನ ನಂತರದ ಕಾಮೆಂಟ್ ಕೆಂಪು. ಟೈಪ್ ಮಾಡುವಾಗಲೇ ತಪ್ಪು ಕಣ್ಣಿಗೆ ಬೀಳಲಿ ಎಂದು ಈ ಏರ್ಪಾಡು.

ವಿಜಯನಗರದ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಸ್ಟ್ರಿಂಗ್ ಪಾಠ ಮಾಡುವಾಗ ಮನೆಯ ವಿಳಾಸ ಟೈಪ್ ಮಾಡಿಸಿದೆ. ನಮ್ಮ ಬೆಂಗಳೂರಿನ ವಿಳಾಸ ಶುರುವಾಗುವುದೇ ಹ್ಯಾಶ್‌ನಿಂದ: #24, 5ನೇ ಕ್ರಾಸ್, ಹೀಗೆ. ಉದ್ಧರಣ ಚಿಹ್ನೆಯೊಳಗಿದ್ದರೆ ಅದು ಸ್ಟ್ರಿಂಗ್. ಆರಂಭದ ಚಿಹ್ನೆ ಬಿಟ್ಟುಹೋದರೆ ಇಡೀ ವಿಳಾಸ ಕಾಮೆಂಟ್ ಆಗಿಬಿಡುತ್ತದೆ, ಪ್ರೋಗ್ರಾಂ ಓಡುವುದಿಲ್ಲ. ಉದಾಹರಣೆಯನ್ನು ಬೇಕೆಂದೇ ಆರಿಸಿದ್ದೆ. ಕೆಲವರು ಚಿಹ್ನೆ ಬಿಟ್ಟರು, ಕೆಂಪಾದದ್ದು ನೋಡಿ ತಾವೇ ತಿದ್ದಿಕೊಂಡರು. ಕೊನೆಯ ಸಾಲಿನ ಹುಡುಗನೊಬ್ಬ ಮಾತ್ರ ಪರದೆಗೆ ಮುಖ ತಂದು ಪಕ್ಕದವನ ಕೋಡ್‌ನೊಂದಿಗೆ ಒಂದೊಂದೇ ಅಕ್ಷರ ಹೋಲಿಸುತ್ತಿದ್ದ. "ಕೆಂಪಾಗಿದೆಯಲ್ಲೋ, ಕಾಣಲ್ವಾ?" ಎಂದು ಪಕ್ಕದವನು ನಕ್ಕ. ನಾನು ಬಗ್ಗಿ ಕೇಳಿದಾಗ, "ಮಿಸ್, ನಂಗೆ ಎರಡೂ ಒಂದೇ ಥರ ಕಾಣತ್ತೆ" ಎಂದ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಲ್ಯಾಬ್‌ನಲ್ಲಿ ಈ ಹುಡುಗ ನಿಧಾನ ಎಂದು ನನಗೆ ಮೊದಲೇ ಹೇಳಿದ್ದರು. ನೋಡಿದರೆ ಇಡೀ ತರಗತಿಗಿಂತ ಹೆಚ್ಚು ಕೆಲಸ ಮಾಡುತ್ತಿದ್ದವನು ಅವನೇ!

ಕೆಂಪು-ಹಸಿರು ಭೇದ ಕಾಣದಿರುವುದು ಸಾಮಾನ್ಯವಾಗಿ ಹುಟ್ಟಿನಿಂದಲೇ ಬರುವಂಥದ್ದು. ಅದಕ್ಕೆ ಕಾರಣವಾದ ಜೀನ್‌ಗಳು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡುಮಕ್ಕಳಲ್ಲೇ ಹೆಚ್ಚು. ಇಶಿಹಾರ ಚುಕ್ಕಿಫಲಕಗಳಿಂದ ಪರೀಕ್ಷಿಸುತ್ತಾರೆ. ಅದು ಕಣ್ಣಿನ ವೈದ್ಯರ ಕೆಲಸ. ಮನೆಯವರಿಗೆ ತಿಳಿಸುವಂತೆ ತರಗತಿ ಶಿಕ್ಷಕಿಯವರನ್ನು ಕೇಳಿಕೊಂಡೆ. ಪರದೆಯ ಕೆಲಸ ನನ್ನದು.

ಐಡಲ್‌ನಲ್ಲಿ ನಾವು ಬರೆಯುವ ಜಾಗ ಒಂದು ಟೆಕ್ಸ್ಟ್ ವಿಜೆಟ್. ಅದು ಪ್ರತಿ ಅಕ್ಷರಕ್ಕೂ ಬೇರೆಬೇರೆ ಬಣ್ಣ ಹಚ್ಚುವುದಿಲ್ಲ. ಪದಗಳಿಗೆ ಟ್ಯಾಗ್ ಕಟ್ಟಿ, ಟ್ಯಾಗ್‌ಗೆ ಬಣ್ಣ ಕೊಡುತ್ತದೆ. ಶಾಲೆಯ ಹೌಸ್‌ಗಳ ಹಾಗೆ: ಹೌಸ್‌ನ ಬಣ್ಣ ಬದಲಿಸಿದರೆ ಅದರ ಮಕ್ಕಳೆಲ್ಲರ ಟೀ-ಶರ್ಟೂ ಬದಲು. ಆಪ್ಷನ್ಸ್ ಮೆನುವಿನ 'ಕಾನ್ಫಿಗರ್ ಐಡಲ್'ನಲ್ಲಿ 'ಹೈಲೈಟ್ಸ್' ತೆರೆದೆ. ಅಕ್ಷರದ ಬಣ್ಣವಷ್ಟೇ ಅಲ್ಲ, ಹಿನ್ನೆಲೆಯ ಬಣ್ಣವನ್ನೂ ಅಲ್ಲಿ ಆರಿಸಬಹುದು. ಕೆಂಪಿನ ಬದಲು ಇನ್ನೊಂದು ಬಣ್ಣ ಹುಡುಕುವುದಕ್ಕಿಂತ ಇದೇ ವಾಸಿ ಎನ್ನಿಸಿತು. ಕಾಮೆಂಟ್‌ಗೆ ಕಪ್ಪು ಅಕ್ಷರ, ತಿಳಿಹಳದಿ ಹಿನ್ನೆಲೆ ಕೊಟ್ಟೆ. ಸ್ಟ್ರಿಂಗ್ ಹಸಿರಾಗಿಯೇ ಉಳಿಯಿತು. ಮೂಲ ಥೀಮನ್ನು ತಿದ್ದಲು ಬರುವುದಿಲ್ಲ, ಹೊಸ ಹೆಸರು ಕೇಳುತ್ತದೆ. 'ಒಂಬತ್ತು' ಎಂದು ಕೊಟ್ಟೆ.

ಅವನ ಒಂದೇ ಯಂತ್ರದಲ್ಲಿ ಬದಲಿಸಿದ್ದರೆ ಐದು ನಿಮಿಷದ ಕೆಲಸ. ಆದರೆ ಮಾರನೆಯ ದಿನ ಎಲ್ಲರೂ ಅವನ ಪರದೆಯನ್ನೇ ನೋಡುತ್ತಿದ್ದರು. ಹಾಗಾಗಿ ಸಂಜೆ ಉಳಿದು ಎಲ್ಲ ಯಂತ್ರಗಳಲ್ಲೂ ಬದಲಿಸಿದೆ. ಬಣ್ಣ ಬದಲಾದರೆ ಪರೀಕ್ಷೆಯಲ್ಲಿ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ ಎಂದು ಲ್ಯಾಬ್ ನೋಡಿಕೊಳ್ಳುವವರು ಆಕ್ಷೇಪಿಸಿದರು. ಪ್ರಶ್ನೆಪತ್ರಿಕೆ ಅಚ್ಚಾಗುವುದು ಬರೀ ಕಪ್ಪಿನಲ್ಲಿ, ಸರ್ ಎಂದೆ. ನಕ್ಕು ಸುಮ್ಮನಾದರು.

ಮುಂದಿನ ಪಾಠದಲ್ಲಿ ಹುಡುಗ ಎರಡು ಬಾರಿ ಚಿಹ್ನೆ ಬಿಟ್ಟ, ಎರಡು ಬಾರಿಯೂ ತಾನೇ ಹಾಕಿದ. ಹಸಿರು ಹಲಗೆಯ ಮೇಲೆ ಕೆಂಪು ಸೀಮೆಸುಣ್ಣದಿಂದ ಮುಖ್ಯಾಂಶ ಬರೆಯುವ ರೂಢಿ ನಮ್ಮಲ್ಲಿದೆ. ಈಗ ನಾನು ಬಿಳಿಯಲ್ಲೇ ಬರೆದು ಕೆಳಗೆ ಗೆರೆ ಎಳೆಯುತ್ತೇನೆ.