ಪ್ರಶ್ನೆ ಕೇಳಿದವರೇ ಎದ್ದು ಹೋದರು

ಈಗಿನ ಹುಡುಗರಿಗೆ ಜಾರ್ಜ್ ಫರ್ನಾಂಡಿಸ್ ಅಂದರೆ ಬರೀ ಒಂದು ಹೆಸರು. 2001ರ ಚಳಿಗಾಲದಲ್ಲಿ ನಮ್ಮ ಗಾಣದ ಒಲೆಯ ಮುಂದೆ ಆ ಹೆಸರು ಎತ್ತಿದರೆ ಸಾಕಿತ್ತು, ಕೊಪ್ಪರಿಗೆಯಲ್ಲಿದ್ದ ಕಬ್ಬಿನ ಹಾಲಿಗಿಂತ ಮೊದಲು ಸುತ್ತ ಕೂತವರೇ ಕುದಿಯುತ್ತಿದ್ದರು.

ನಮ್ಮ ಊರು ಮುಧೋಳ, ಮಹಾಲಿಂಗಪುರಗಳ ನಡುವೆ. ಅತ್ತ ಮಗ್ಗದ ಊರುಗಳಾದ ರಬಕವಿ-ಬನಹಟ್ಟಿ, ಅದರಾಚೆ ಜಮಖಂಡಿ. ಒಂದು ಕಡೆ ಘಟಪ್ರಭೆ, ಇನ್ನೊಂದು ಕಡೆ ಕೃಷ್ಣೆ, ನಡುವೆ ಕಣ್ಣು ಹಾಯಿಸಿದಷ್ಟೂ ಕಬ್ಬು. ಡಿಸೆಂಬರ್ ಅಂದರೆ ಗಾಣ ಹಗಲೂ ರಾತ್ರಿ ನಡೆಯುವ ಕಾಲ. ಆಲಮಟ್ಟಿ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟು ಬೀಳಗಿ ಕಡೆಯಿಂದ ಬಂದ ಒಂದಿಬ್ಬರು ಒಲೆಗೆ ರವದಿ ತುಂಬುತ್ತಿದ್ದರು. ಸರ್ಕಾರಕ್ಕೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಏನೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಒಲೆಯ ಮುಂದೆ ಯಾವಾಗಲೂ ಒಂದು ಜಾಗ ಮಿಲ್ಟ್ರಿ ಕಾಕಾನದು. ಬೆಳಗಾವಿಯ ಮರಾಠಾ ರೆಜಿಮೆಂಟಿನಲ್ಲಿ ಸೇವೆ ಮಾಡಿ, 71ರ ಯುದ್ಧ ನೋಡಿ, ಪಿಂಚಣಿ ಮೇಲೆ ಊರಿಗೆ ಬಂದವನು. ಯುದ್ಧದ ಕಥೆ ಹೇಳು ಅಂದರೆ ಹೇಳುತ್ತಿರಲಿಲ್ಲ. ಆದರೆ ಸಂಸತ್ತಿನ ಕಥೆ ತಾನೇ ತೆಗೆಯುತ್ತಿದ್ದ. 1994ರ ಡಿಸೆಂಬರಿನಿಂದ ದೂರದರ್ಶನದವರು ಪ್ರಶ್ನೋತ್ತರ ಅವಧಿಯನ್ನು ನೇರವಾಗಿ ತೋರಿಸಲು ಹಿಡಿದಿದ್ದರು. ಒಂದು ವಾರ ಲೋಕಸಭೆ, ಮರುವಾರ ರಾಜ್ಯಸಭೆ. ಬನಹಟ್ಟಿಯ ಅಳಿಯನ ಮನೆಗೆ ಹೋದಾಗೆಲ್ಲ ಕಾಕಾ ಹನ್ನೊಂದು ಗಂಟೆಗೆ ಟಿ.ವಿ. ಮುಂದೆ ಹಾಜರು. ಪಕ್ಕದ ಖೋಲಿಯಲ್ಲಿ ಪಾವರ್‌ಲೂಮಿನ ಖಟಪಟ. ಸದ್ದು ನಿಲ್ಲಬೇಕೆಂದರೆ ಕರೆಂಟು ಹೋಗಬೇಕು, ಕರೆಂಟು ಹೋದರೆ ಟಿ.ವಿ.ಯೂ ಹೋಯಿತು. ಹಾಗಾಗಿ ಮಂತ್ರಿಗಳ ತುಟಿ ನೋಡಿಯೇ ಅರ್ಧ ತಿಳಿದುಕೊಳ್ಳುವುದನ್ನು ಕಾಕಾ ರೂಢಿ ಮಾಡಿಕೊಂಡಿದ್ದ. ಪಟ್ಟಾಳದಾಗ ಕಲಿತ ಹಿಂದಿ ಇತ್ತಲ್ಲ, ಅದೂ ಕೈ ಹಿಡಿಯುತ್ತಿತ್ತು.

ಅವನಿಂದಲೇ ನಾನು ಆ ಆಟದ ನಿಯಮ ಕಲಿತದ್ದು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ. ಸಭಾಧ್ಯಕ್ಷರು ಹೆಸರು ಕರೆಯುತ್ತಾರೆ, ಸದಸ್ಯ ಎದ್ದು ನಿಂತು ಪ್ರಶ್ನೆಯ ಸಂಖ್ಯೆ ಹೇಳುತ್ತಾನೆ, ಮಂತ್ರಿ ಎದ್ದು, ಹೇಳಿಕೆ ಸದನದ ಮುಂದೆ ಇಟ್ಟಿದ್ದೇನೆ ಅನ್ನುತ್ತಾನೆ. ಅಲ್ಲಿಯವರೆಗೆ ಎಲ್ಲಾ ಬರೆದು ತಂದದ್ದು. ಆಮೇಲೆ ಬರುವುದು ಉಪಪ್ರಶ್ನೆ. "ಅಲ್ಲೇ ನೋಡು ತಮ್ಮಾ, ಮಂತ್ರಿ ಖರೇ ಓದ್ಕೊಂಡ್ ಬಂದಾನೋ ಇಲ್ಲೋ ಗೊತ್ತಾಗೂದು. ಆಫೀಸರ್ ಬರದ್ ಕೊಟ್ಟಿದ್ದು ಮುಗದಿರ್ತೈತಿ. ಇನ್ನ್ ಇಂವಾ ಸ್ವಂತ ಬಾಯಿ ತೆರೀಬೇಕು" ಅನ್ನುತ್ತಿದ್ದ. ಇಪ್ಪತ್ತರಲ್ಲಿ ನಾಲ್ಕೈದು ಪ್ರಶ್ನೆ ಮುಗಿಯುವುದರೊಳಗೆ ಹನ್ನೆರಡು ಹೊಡೆದಿರುತ್ತಿತ್ತು.

ಜಾರ್ಜ್ ಮೇಲೆ ಕಾಕಾನಿಗೆ ವಿಶೇಷ ಪ್ರೀತಿ. ಮಂಗಳೂರಿನವರು, ಕನ್ನಡ ಬಲ್ಲವರು, ಬಿಹಾರದಿಂದ ಆರಿಸಿ ಬಂದು ರಕ್ಷಣಾ ಮಂತ್ರಿಯಾದವರು. ಅದಕ್ಕಿಂತ ಹೆಚ್ಚಾಗಿ ಸಿಯಾಚಿನ್ ಹತ್ತಿದವರು. ಹಿಮದ ಮೇಲೆ ಓಡುವ ಸ್ಕೂಟರುಗಳ ಖರೀದಿ ಫೈಲನ್ನು ಕೂತಲ್ಲೇ ಕೂರಿಸಿದ್ದ ಅಧಿಕಾರಿಗಳಿಗೆ, ಹೋಗಿ ಸಿಯಾಚಿನ್ ನೋಡಿಕೊಂಡು ಬನ್ನಿ ಎಂದು ಜಾರ್ಜ್ ಹುಕುಂ ಮಾಡಿದ್ದರು. ಈ ಕಥೆಯನ್ನು ಕಾಕಾ ಹೇಳಿದಾಗೆಲ್ಲ ಅಧಿಕಾರಿಗಳ ಸಂಖ್ಯೆ ಒಂದೊಂದು ಹೆಚ್ಚುತ್ತಿತ್ತು, ಥಂಡಿಯೂ ಹೆಚ್ಚುತ್ತಿತ್ತು.

ಆ ವರ್ಷ ಮಾರ್ಚ್‌ನಲ್ಲಿ, ರಕ್ಷಣಾ ಖರೀದಿಯ ಲಂಚದ ಮಾತುಕತೆಯನ್ನು ಗುಟ್ಟಾಗಿ ಚಿತ್ರಿಸಿದ ತೆಹಲ್ಕಾ ಟೇಪು ಹೊರಬಿದ್ದು ಜಾರ್ಜ್ ರಾಜೀನಾಮೆ ಕೊಟ್ಟರು. ವಿಚಾರಣಾ ಆಯೋಗ ಕೂತಿತು. ಆಯೋಗ ಇನ್ನೂ ಎದ್ದಿರಲಿಲ್ಲ, ಅಕ್ಟೋಬರ್‌ನಲ್ಲಿ ಪ್ರಧಾನಿ ವಾಜಪೇಯಿ ಜಾರ್ಜ್‌ರನ್ನು ಮತ್ತೆ ಅದೇ ಖಾತೆಗೆ ತಂದು ಕೂರಿಸಿದರು. ವಿರೋಧ ಪಕ್ಷಗಳು ಸಿಟ್ಟಿಗೆದ್ದವು. ಇವರನ್ನು ನಾವು ಮಂತ್ರಿಯೆಂದೇ ಒಪ್ಪುವುದಿಲ್ಲ, ಇವರು ಉತ್ತರ ಕೊಡಲು ಎದ್ದರೆ ನಾವು ಕೂರುವುದಿಲ್ಲ ಅಂದವು. ಹಾಗೆಯೇ ನಡೆದುಕೊಂಡವು. ಜಾರ್ಜ್ ಎದ್ದರೆ ಎದುರಿನ ಸಾಲುಗಳಲ್ಲಿ ಕೂಗು, ಇಲ್ಲವೇ ಖಾಲಿ ಬೆಂಚು.

ಬನಹಟ್ಟಿಯಿಂದ ಮೊದಲ ಸಲ ಇದನ್ನು ನೋಡಿ ಬಂದ ದಿನ ಕಾಕಾ ಒಲೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ, "ಪ್ರಶ್ನಿ ಕೇಳಿದಾಂವನ ಎದ್ದ್ ಹ್ವಾದಾ ಅಂದ್ರ, ಉತ್ತರಾ ಯಾರಿಗ್ ಹೇಳಬೇಕೋ?" ಅಂದ.

ನಮ್ಮಲ್ಲಿ ಒಬ್ಬ ನೇಕಾರ ಮಾವ ಇದ್ದ. ರಬಕವಿಯವನು, ಹಳೇ ಸಮಾಜವಾದಿ, ಒಂದು ಕಾಲಕ್ಕೆ ಜಾರ್ಜ್ ಹೆಸರಿನಲ್ಲಿ ಘೋಷಣೆ ಕೂಗಿದವನು, ಈಗ ಅದೇ ಜಾರ್ಜ್ ಬಿಜೆಪಿಯ ಸಂಗಡ ಹೋದರೆಂದು ಕೆಂಡ ಕಾರುವವನು. ಅವನು ಬಿಡಲಿಲ್ಲ. "ಕಾಕಾ, ಮಂದಿ ಕಡಿಮಿ ಇದ್ದಾವ್ರು ಮತ್ತೇನ್ ಮಾಡಬೇಕು? ಓಟಿಗ್ ಹಾಕಿದ್ರ ಸೋಲ್ತಾರ. ಆಯೋಗದ ವರದಿ ಬರೂಕಿಂತ ಮೊದಲ ಕುರ್ಚಿ ಮ್ಯಾಲ ಕುಂದರಿಸಿದ್ದು ಬರೋಬ್ಬರಿ ಏನ? ಎದ್ದ್ ಹೋಗೂದೂ ಒಂದ್ ಪ್ರಶ್ನಿನ." ಈ ಮಾತು ತೆಗೆದು ಹಾಕುವಂಥದ್ದಲ್ಲ. ನಾನು ಆಗ ಮಾವನ ಕಡೆ ವಾಲಿದ್ದೆ. ವಯಸ್ಸೂ ಹಾಗಿತ್ತು.

ಜಮಖಂಡಿಯ ಮಾತು ಬಂದದ್ದು ಆಗಲೇ. "ನಮ್ಮ ಜತ್ತಿಯವರನ್ನ ಕೇಳ್ರಿ" ಅಂದ ಕಾಕಾ. ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿಕೆ ಮಾಡಿ, ಆ ಸಂಸ್ಥಾನದ ದಿವಾನಗಿರಿಯನ್ನೂ ಕಂಡು, ಮೈಸೂರು ರಾಜ್ಯದ ಮುಖ್ಯಮಂತ್ರಿಯಾದ ಬಿ.ಡಿ. ಜತ್ತಿಯವರು 1974ರಲ್ಲಿ ಉಪರಾಷ್ಟ್ರಪತಿಯಾದರು. ಅಂದರೆ ರಾಜ್ಯಸಭೆಯ ಸಭಾಪತಿ. ಪ್ರಶ್ನೆ ಕೇಳುವವನ ಹೆಸರು ಕರೆಯುವ ಕುರ್ಚಿಯಲ್ಲಿ ನಮ್ಮ ಸೀಮೆಯ ಮನುಷ್ಯ! ವರ್ಷ ತುಂಬುವುದರೊಳಗೆ ತುರ್ತು ಪರಿಸ್ಥಿತಿ. 1975ರ ಜುಲೈನಲ್ಲಿ ಅಧಿವೇಶನ ಸೇರಿದಾಗ ಪ್ರಶ್ನೋತ್ತರ ಅವಧಿಯನ್ನೇ ಅಮಾನತಿನಲ್ಲಿ ಇಟ್ಟರು. ಕುರ್ಚಿ ಇತ್ತು, ಸಭಾಪತಿ ಇದ್ದರು, ಕರೆಯಲು ಹೆಸರಿರಲಿಲ್ಲ. ಅದೇ ಹೊತ್ತಿಗೆ ಜಾರ್ಜ್ ಭೂಗತ. ಮರುವರ್ಷ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದು ಜೈಲು ಸೇರಿದರು. ಬಡೋದೆಯ ಡೈನಮೈಟ್ ಮೊಕದ್ದಮೆ ಅವರ ತಲೆ ಮೇಲೆ ಬಿತ್ತು. ಜೈಲಿನಿಂದಲೇ ಚುನಾವಣೆ ಗೆದ್ದು 1977ರ ಮಾರ್ಚ್‌ನಲ್ಲಿ ಮಂತ್ರಿಯಾದರು. ಆಗ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಇದೇ ಜತ್ತಿಯವರು.

"ಆವತ್ತ್ ಸರ್ಕಾರ ಪ್ರಶ್ನಿ ಬಂದ್ ಮಾಡಿತ್ತು. ಇವತ್ತ್ ಪ್ರಶ್ನಿ ಕೇಳಾವ್ರ ಕಿವಿ ಬಂದ್ ಮಾಡ್ಕೊಂಡಾರ" ಅಂದ ಕಾಕಾ. ನೇಕಾರ ಮಾವ ಎದ್ದು ಬೀಡಿ ಹಚ್ಚಿಕೊಳ್ಳಲು ಒಲೆಯ ಹತ್ತಿರ ಹೋದ. ಇವೆರಡೂ ಒಂದೇ ಅಲ್ಲ ಎಂದು ಅವನು ಗೊಣಗಿದ್ದು ನನಗೆ ಕೇಳಿಸಿತು. ಒಂದೇ ಅಲ್ಲ, ನಿಜ.

ಡಿಸೆಂಬರ್ 11ಕ್ಕೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಸಂಸತ್ತಿಗೆ ಬಂತು. ಕಾರ್ಗಿಲ್ ಕಾಲದ ಖರೀದಿಗಳ ಲೆಕ್ಕ. ಅದರಲ್ಲಿ ಜನರ ಬಾಯಿಗೆ ಬಿದ್ದದ್ದು ಶವಪೆಟ್ಟಿಗೆ. ಅಮೆರಿಕದ ಒಂದು ಕಂಪನಿಯಿಂದ ತಲಾ 2,500 ಡಾಲರಿಗೆ 500 ಅಲ್ಯೂಮಿನಿಯಂ ಪೆಟ್ಟಿಗೆ. ಬಂದದ್ದು 150, ಅವೂ ಯುದ್ಧ ಮುಗಿದ ಮೇಲೆ. ನಮ್ಮ ಲೆಕ್ಕದಲ್ಲಿ ಒಂದೊಂದಕ್ಕೆ ಲಕ್ಷ ರೂಪಾಯಿಗೂ ಮೇಲೆ. ಸಂಯುಕ್ತ ಕರ್ನಾಟಕ ಪತ್ರಿಕೆ ಕೈಯಿಂದ ಕೈಗೆ ಹೋಗಿ ಬೆಲ್ಲದ ಅಂಟು ಹತ್ತಿ ಹರಿಯಿತು. ಸದನದಲ್ಲಿ "ಕಫನ್ ಚೋರ್" ಎಂಬ ಕೂಗು. ಹೆಣದ ಬಟ್ಟೆ ಕದ್ದವನು ಅನ್ನುವುದಕ್ಕಿಂತ ಕೆಟ್ಟ ಬೈಗುಳ ಯಾವ ಸೀಮೆಯಲ್ಲೂ ಇರಲಾರದು.

ಯುದ್ಧದ ಮಾತಾಡದ ಕಾಕಾ ಆ ರಾತ್ರಿ ಮಾತಾಡಿದ. "71ರಾಗ ನಮ್ಮ ಸಂಗಾತಿ ಹ್ವಾದ್ರ ಅಲ್ಲೇ ಕಟಗಿ ಒಟ್ಟಿ ಸುಡ್ತಿದ್ವಿ. ಮನಿಗೆ ತಾರು ಹೋಕ್ಕಿತ್ತು. ಆಮ್ಯಾಲ ಅವನ ಟ್ರಂಕು. ಅವ್ವಾ ಅನ್ನಾಕಿ ಆ ಟ್ರಂಕ್ ತಬ್ಕೊಂಡ್ ಅಳಬೇಕು." ಕಾರ್ಗಿಲ್‌ನಲ್ಲಿ ಮೊದಲ ಬಾರಿಗೆ ಹೆಣಗಳು ಊರೂರಿಗೆ ಬಂದವು, ಧ್ವಜ ಹೊದ್ದು. ಬಂದದ್ದರಿಂದಲೇ ದೇಶಕ್ಕೆಲ್ಲ ಆ ಯುದ್ಧ ತಟ್ಟಿತು. "ಪೆಟ್ಟಿಗಿ ಬೇಕಿತ್ತೋ ಇಲ್ಲೋ ನನ್ನ ಕೇಳ್ರಿ. ದರ ಹೆಚ್ಚಾತೋ ಏನೋ, ಅದನ್ನ ಮಂತ್ರಿಗೆ ಕೇಳ್ರಿ. ಕೇಳಿದ್ ಮ್ಯಾಲ ಕುಂತು, ಅಂವಾ ಏನ್ ಅಂತಾನ ಅದನ್ನೂ ಕೇಳ್ರಿ. ತಡವರಿಸಿದ್ರ ಅಲ್ಲೇ ಹಿಡೀರಿ." ಮಾವನೂ ಅಂದು ಎದುರಾಡಲಿಲ್ಲ.

13ನೇ ತಾರೀಖು ಗುರುವಾರ. ಸದನ ಶುರುವಾಗುತ್ತಲೇ ಶವಪೆಟ್ಟಿಗೆಯ ಗದ್ದಲ. ಪ್ರಶ್ನೋತ್ತರ ನಡೆಯಲೇ ಇಲ್ಲ, ಎರಡೂ ಸದನಗಳನ್ನು ಮುಂದೂಡಿದರು. ಟಿ.ವಿ. ಆರಿಸಿ ಕಾಕಾ ಬನಹಟ್ಟಿಯಿಂದ ಬಸ್ಸು ಹಿಡಿದಿದ್ದ. ಅವನು ನಮ್ಮೂರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸುಮಾರು 11.40ಕ್ಕೆ ಬಿಳಿ ಅಂಬಾಸಿಡರಿನಲ್ಲಿ ಬಂದ ಐವರು ಸಂಸತ್ ಭವನದ ಆವರಣಕ್ಕೆ ನುಗ್ಗಿ ಗುಂಡು ಹಾರಿಸಿದ್ದರು. ದಾಳಿಕೋರರು ಅಲ್ಲೇ ಸತ್ತರು. ಅವರನ್ನು ತಡೆಯುವಲ್ಲಿ ಒಂಬತ್ತು ಜನ ಹೋದರು: ಪೊಲೀಸರು, ಸಂಸತ್ತಿನ ಕಾವಲಿನವರು, ಸಿಆರ್‌ಪಿಎಫ್‌ನ ಕಮಲೇಶ್ ಕುಮಾರಿ ಎಂಬ ಹೆಣ್ಣುಮಗಳು, ಒಬ್ಬ ತೋಟಗಾರ. ಒಳಗೆ ಉತ್ತರ ಕೇಳದೆ ಎದ್ದವರೂ ಉತ್ತರ ಹೇಳದೆ ಕೂತವರೂ ಒಂದೇ ಬಾಗಿಲು ಹಾಕಿಕೊಂಡು ಉಳಿದರು. ಗದ್ದಲದಿಂದ ಸದನ ಬೇಗ ಮುಗಿದು ಎಷ್ಟೋ ಸದಸ್ಯರು ಹೊರಟು ಹೋಗಿದ್ದರು, ಅದೇ ಪುಣ್ಯ ಎಂದು ಯಾರೋ ಅಂದರು. ಅದಕ್ಕೆ ಕಾಕಾ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ.

ಮರುವಾರವೇ ಸೇನೆ ಗಡಿಗೆ ಹೊರಟಿತು. ಆಪರೇಷನ್ ಪರಾಕ್ರಮ. ರಜೆಗೆ ಬಂದ ಹುಡುಗರಿಗೆ ಕರೆ ಬಂತು. ಕಾಕಾನ ತಂಗಿಯ ಮಗ ರಾಜಸ್ಥಾನದ ಗಡಿಯಲ್ಲಿದ್ದ. ಎಸ್‌ಟಿಡಿ ಬೂತಿನಲ್ಲಿ ಅವನ ಅವ್ವ ಸರದಿಗೆ ನಿಂತು ನಿಂತು ಫೋನು ಬಾರದೆ ವಾಪಸು ಬರುತ್ತಿದ್ದಳು. ಇವತ್ತು ಯುದ್ಧ, ನಾಳೆ ಯುದ್ಧ ಅನ್ನುತ್ತಲೇ ಸುಗ್ಗಿ ಮುಗಿಯಿತು, ಬೇಸಿಗೆ ಬಂತು, ಜೂನ್‌ನಲ್ಲಿ ಜತ್ತಿಯವರು ತೀರಿಕೊಂಡರು, ಮಳೆ ಬಂತು. ಯುದ್ಧ ಮಾತ್ರ ಬರಲಿಲ್ಲ. 2002ರ ಅಕ್ಟೋಬರ್‌ನಲ್ಲಿ ಸೇನೆಯನ್ನು ಹಿಂದಕ್ಕೆ ಕರೆದುಕೊಳ್ಳುವ ತೀರ್ಮಾನವಾಯಿತು.

ಶವಪೆಟ್ಟಿಗೆಯ ಗತಿ ಏನಾಯಿತೆಂದರೆ, ಸಿಬಿಐ 2009ರಲ್ಲಿ ಮೂವರು ಸೇನಾಧಿಕಾರಿಗಳ ಮೇಲೆ ಆರೋಪಪಟ್ಟಿ ಹಾಕಿತು. ಜಾರ್ಜ್ ಹೆಸರು ಅದರಲ್ಲಿ ಇರಲಿಲ್ಲ. 2013ರಲ್ಲಿ ಕೋರ್ಟು ಆ ಅಧಿಕಾರಿಗಳನ್ನೂ ಬಿಟ್ಟಿತು. ಅಷ್ಟು ಹೊತ್ತಿಗೆ ಜಾರ್ಜ್‌ಗೆ ಮರೆವಿನ ಕಾಯಿಲೆ. ತನ್ನ ಮೇಲೆ ಇದ್ದ ಆರೋಪ ಯಾವುದೆಂದೇ ನೆನಪಿರದ ಮನುಷ್ಯನಿಗೆ ಅದರಿಂದ ಬಿಡುಗಡೆ ಸಿಕ್ಕಿತು. 2019ರ ಜನವರಿಯಲ್ಲಿ ಹೋದರು. ನಿರಪರಾಧಿ ಎಂದು ನಾನು ಜಾಗಟೆ ಬಾರಿಸುತ್ತಿಲ್ಲ. ತೆಹಲ್ಕಾ ಟೇಪಿನಲ್ಲಿ ಅವರ ಮನೆಯೊಳಗೇ ಕಂಡದ್ದು ಅಷ್ಟು ಸುಲಭಕ್ಕೆ ಅಳಿಸುವಂಥದ್ದಲ್ಲ.

ಕಾಕಾನ ತಂಗಿಯ ಮಗ ಗಡಿಯಿಂದ ಸುಖವಾಗಿ ಬಂದ. ಅವನು ಮತ್ತೊಮ್ಮೆ ರಜೆಗೆ ಬಂದಿದ್ದಾಗ, 2003ರ ಜುಲೈ ಮುಗಿಯುವ ಹೊತ್ತಿಗೆ, ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ. ಆಪರೇಷನ್ ಪರಾಕ್ರಮದಲ್ಲಿ 798 ಯೋಧರು ಪ್ರಾಣ ಕಳಕೊಂಡರೆಂದು ರಕ್ಷಣಾ ಸಚಿವ ಜಾರ್ಜ್ ಫರ್ನಾಂಡಿಸ್ ಸಂಸತ್ತಿಗೆ ತಿಳಿಸಿದ್ದರು. ನಾನು ಓದಿ ಹೇಳಿದೆ. ಕಾಕಾ ಮತ್ತೊಮ್ಮೆ ಓದು ಅಂದ.

"ಯುದ್ಧಾನ ಆಗಲಿಲ್ಲಲ್ಲೋ."

ತಂಗಿಯ ಮಗ ತಲೆ ಎತ್ತದೆ ಹೇಳಿದ: "ಮಾಮಾ, ನೆಲಬಾಂಬ್ ಇಡೂಮುಂದ ಹ್ವಾದ್ರು, ತೆಗೆಯೂಮುಂದ ಹ್ವಾದ್ರು. ಗಾಡಿ ಉಳ್ಳ್ಯಾಡಿ ಹ್ವಾದ್ರು."

"ಅದು ಪೇಪರ್‌ನ್ಯಾಗ ಐತೇನ?"

ಇಲ್ಲ ಅಂದೆ. ಸಂಖ್ಯೆ ಅಷ್ಟೇ ಇತ್ತು.

"ಮತ್ತ ಉಪಪ್ರಶ್ನಿ? ಯಾರರ ಎದ್ದ್ ಕೇಳಿದ್ರೇನ?"

ಸುದ್ದಿ ನಾಲ್ಕೇ ಸಾಲಿನದು. ಮುಂದಿನ ಪುಟ ತಿರುವಿ ನೋಡಿದೆ, ಅಲ್ಲಿ ಕಬ್ಬಿನ ದರದ ಸುದ್ದಿ ಇತ್ತು.