ಅಂಗಡಿಯ ತಿಂಡಿ, ಮನೆಯ ಕೆನೆ

ಅಂಗಡಿಯಿಂದ ಕೊಂಡು ತಂದ ತಿಂಡಿಯನ್ನು ಮನೆಯೊಳಗೆ ಕುಳಿತು ತಿನ್ನುವುದು ನಮ್ಮ ಬಾಲ್ಯಕಾಲದಲ್ಲಿ ಅಷ್ಟೇನೂ ಮರ್ಯಾದೆಯ ಸಂಗತಿಯಾಗಿರಲಿಲ್ಲ. ಜೋಳದ ರೊಟ್ಟಿ, ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ಕೆರೆಯ ಕೆಳಗಿನ ಗದ್ದೆಯ ಅಕ್ಕಿಯ ಅನ್ನ, ಇವು ಮನೆಯ ಊಟ. ಬನ್ನು, ಬ್ರೆಡ್ಡುಗಳೆಂದರೆ ಜ್ವರದವರ ಪಥ್ಯ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಿದ್ದರೆ ಮಾತ್ರ ನಮ್ಮ ತಂದೆಯವರು ಬಳ್ಳಾರಿಯಿಂದ ಬರುವಾಗ ಹಳೆಯ ಪತ್ರಿಕೆಯಲ್ಲಿ ಸುತ್ತಿದ ನಾಲ್ಕು ಬನ್ನುಗಳನ್ನು ತರುತ್ತಿದ್ದರು. ಕೊನೆಯ ಬಸ್ಸು ಕಣೇಕಲ್ಲಿಗೆ ಬಂದು ನಿಲ್ಲುವವರೆಗೆ ನಾವು ಬಾಗಿಲಲ್ಲಿಯೇ ಕಾದಿರುತ್ತಿದ್ದೆವು. ತಮ್ಮನಿಗೆ ಜ್ವರ ಬಂದಿದೆಯೆಂದು ನಮಗೆ ಮರುಕವಾಗುವ ಬದಲು ಹೊಟ್ಟೆಕಿಚ್ಚಾಗುತ್ತಿತ್ತೆಂಬುದನ್ನು ಇಂದು ನಾಚಿಕೆಯಿಂದಲೇ ಬರೆಯುತ್ತಿದ್ದೇವೆ.

ಬನ್ನು ಬಳ್ಳಾರಿಯಿಂದಲೇ ಏಕೆ ಬರಬೇಕೆಂದು ದೂರದ ಓದುಗರು ಕೇಳಬಹುದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ, ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ರಾಯದುರ್ಗವು ಅನಂತಪುರ ಜಿಲ್ಲೆಯ ಪಾಲಾಯಿತು. ನಕಾಶೆಯಲ್ಲಿ ಗೆರೆ ಬಿದ್ದರೂ ಕಾಲುದಾರಿ ಅಳಿಯಲಿಲ್ಲ. ಸಂತೆಗೆ, ಸಂಬಂಧಕ್ಕೆ, ಆಸ್ಪತ್ರೆಗೆ ನಮ್ಮವರು ಬಳ್ಳಾರಿಯ ಕಡೆಗೇ ಮುಖ ಮಾಡಿದರು. ಬನ್ನೂ ಆ ದಾರಿಯಲ್ಲಿಯೇ ಬಂದಿತು.

ನಮ್ಮ ತಾಯಿಯವರು ಮಾತ್ರ ಅದನ್ನು ಮುಟ್ಟಿದವರಲ್ಲ. ‘ಯಾರು ಕಲಸಿದ್ದೋ, ಯಾವ ನೀರೋ’ ಎಂಬ ಒಂದೇ ಮಾತು. ಹಾಸನದ ಕಡೆಯ ತಿರುಮಲಾಚಾರ್ ಎಂಬವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬೇಕರಿಯನ್ನು ತೆರೆದರಷ್ಟೆ. ಮುಂದೆ ಮೊಟ್ಟೆ ಬೆರೆಸದ ‘ಅಯ್ಯಂಗಾರ್ ಬೇಕರಿ’ಗಳು ಊರೂರಿಗೆ ಹಬ್ಬಿ, ಎಷ್ಟೋ ಮಡಿವಂತರ ಮನೆಗಳನ್ನು ಬನ್ನು ಪ್ರವೇಶಿಸಿತು. ನಮ್ಮ ಮನೆಯ ಹೊಸ್ತಿಲನ್ನೂ ದಾಟಿತು. ತಾಯಿಯವರ ಮನಸ್ಸಿನ ಹೊಸ್ತಿಲನ್ನು ಮಾತ್ರ ದಾಟಲಿಲ್ಲ.

ಕಳೆದ ಉಗಾದಿಯ ಮರುದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಬೆಂಗಳೂರಿನ ಬೇಕರಿಯೊಂದರಲ್ಲಿ ಕೆಲಸಗಾರನಾಗಿ ಸೇರಿ ಈಗ ಅಲ್ಲಿಯ ಮುಖ್ಯ ಭಟ್ಟಿಯವನಾಗಿದ್ದಾನೆ. ನಮಸ್ಕರಿಸಿ, ರಟ್ಟಿನ ಪೆಟ್ಟಿಗೆಯೊಂದನ್ನು ಮುಂದಿಟ್ಟ. ಅಂಗೈಯಗಲದ, ಎರಡಂಗುಲ ಎತ್ತರದ, ಮೇಲೆ ಹೊಂಬಣ್ಣ ಪಡೆದ ಎಂಟು ಬಿಲ್ಲೆಗಳು ಅದರಲ್ಲಿದ್ದವು. ಜೊತೆಗೆ ಅಂಗಡಿಯ ರಸೀದಿಯೂ ಇದ್ದಿತು.

“ಕೆಲಸದವನು ಅಂತ ಬಿಟ್ಟಿ ತಂದಿಲ್ಲ ಸಾರ್, ದುಡ್ಡು ಕೊಟ್ಟು ಬಿಲ್ ಹಾಕಿಸೀನಿ. ಇದಕ್ಕೆ ಸ್ಕೋನ್ ಅಂತಾರೆ. ಬನ್ನಲ್ಲ. ಈಸ್ಟ್ ಹಾಕಲ್ಲ, ಬೇಕಿಂಗ್ ಪೌಡರಿನಲ್ಲೇ ಉಬ್ಬತೈತೆ. ಜಾಸ್ತಿ ನಾದಿದ್ರೆ ಗಟ್ಟಿಯಾಗಿ ಬಿಡತೈತೆ.”

ರಾತ್ರಿಯ ಬಸ್ಸಿನಲ್ಲಿ ಬಂದ ತಿಂಡಿ ಸ್ವಲ್ಪ ಬಿರುಸಾಗಿದ್ದಿತು. ಅವನ ಸೂಚನೆಯಂತೆ ನಮ್ಮ ಮನೆಯವರು ರೊಟ್ಟಿಯ ಹಂಚನ್ನು ಸಣ್ಣ ಉರಿಯಲ್ಲಿಟ್ಟು, ಬಿಲ್ಲೆಗಳ ಮೇಲೆ ನೀರಿನ ಕೈ ಒರೆಸಿ, ತಟ್ಟೆ ಮುಚ್ಚಿ, ಎರಡೂ ಮಗ್ಗುಲು ಬಿಸಿ ಮಾಡಿದರು. ಚಾಕುವಿನಿಂದ ಕೊಯ್ಯದೆ ಕೈಯಿಂದಲೇ ನಡುವೆ ಬಿಡಿಸಬೇಕಂತೆ. ಬಿಡಿಸಿದಾಗ ಹಬೆಯೊಡನೆ ಬೆಣ್ಣೆಯ ಪರಿಮಳ ಅಡುಗೆಮನೆಯಿಂದ ಪಡಸಾಲೆಯವರೆಗೂ ಹರಡಿತು.

“ಇಂಗ್ಲಿಷಿನವರು ಕೆನೆ, ಜಾಮು ಹಚ್ಚಿ ತಿಂತಾರೆ ಅಮ್ಮಾ.”

ಮನೆಯವರು ನಕ್ಕು, “ಕೆನೆಗೇನು ಬರವೇ?” ಎಂದು ಎಮ್ಮೆಯ ಹಾಲಿನ ಪಾತ್ರೆಯಿಂದ ದಪ್ಪ ಕೆನೆಯನ್ನೆತ್ತಿ, ಜಾಮಿನ ಬದಲಿಗೆ ಬೆಲ್ಲದ ಪುಡಿ ಉದುರಿಸಿ ಕೊಟ್ಟರು. ಬೆಲ್ಲವು ಬಿಸಿಗೆ ಕರಗಿ ಕೆನೆಯೊಳಗೆ ಇಳಿಯಿತು. ಹೊರಗೆ ಗರಿ, ಒಳಗೆ ಮೃದು, ನಡುವೆ ಸಿಹಿ. ಬಾಲ್ಯದ ಜ್ವರದ ಬನ್ನು ನೆನಪಾಗಿ ಕಣ್ಣು ತುಸು ತೇವವಾಯಿತೆಂದರೆ ಓದುಗರು ನಗಬಾರದು.

ಈ ತಿಂಡಿಯ ಹುಟ್ಟೂರು ಸ್ಕಾಟ್ಲೆಂಡ್. ಪೂರ್ವದಲ್ಲಿ ಅಲ್ಲಿಯ ಬಡವರು ಓಟ್ಸ್ ಹಿಟ್ಟನ್ನು ದುಂಡಗೆ ತಟ್ಟಿ, ಕಬ್ಬಿಣದ ಹಂಚಿನ ಮೇಲೆ ಬೇಯಿಸುತ್ತಿದ್ದರು. ಎಂದರೆ ನಮ್ಮ ರೊಟ್ಟಿಯ ದೂರದ ದಾಯಾದಿಯೇ ಸರಿ. ಅದು ಈಗಿನಂತೆ ಉಬ್ಬಿ ನಿಂತದ್ದು ಬೇಕಿಂಗ್ ಪೌಡರು ಬಂದ ಮೇಲೆ. ಇಂಗ್ಲೆಂಡಿನ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯು ತನ್ನ ಮಡದಿಗೆ ಈಸ್ಟ್ ಒಗ್ಗದೆಂದು 1843ರಲ್ಲಿ ಇಂಥ ಪುಡಿಯನ್ನು ತಯಾರಿಸಿದನು. ಸತಿಗಾಗಿ ಮಾಡಿದ ಪುಡಿ ಲೋಕದ ಒಲೆಗಳನ್ನೆಲ್ಲ ಸೇರಿತು. ಆ ದೇಶದ ಡೆವನ್ ಪ್ರಾಂತದವರು ಮೊದಲು ಕೆನೆ, ಅದರ ಮೇಲೆ ಜಾಮು ಎನ್ನುತ್ತಾರೆ. ನೆರೆಯ ಕಾರ್ನ್‌ವಾಲಿನವರು ಮೊದಲು ಜಾಮು, ಅದರ ಮೇಲೆ ಕೆನೆ ಎಂದು ವಾದಿಸುತ್ತಾರೆ. ಹಾಲನ್ನು ಸಣ್ಣಗೆ ಕಾಯಿಸಿ, ಆರಿಸಿ, ಮೇಲೆ ಕಟ್ಟಿದ ಕೆನೆಯನ್ನು ಎತ್ತುವ ಅವರ ವಿಧಾನಕ್ಕೂ ನಮ್ಮ ಅಡುಗೆಮನೆಯ ವಿಧಾನಕ್ಕೂ ಹೆಚ್ಚಿನ ಅಂತರವಿಲ್ಲ. ಗಡಿಯ ಜಗಳ ಎಲ್ಲ ದೇಶಗಳಲ್ಲಿಯೂ ಇರುವುದಷ್ಟೆ!

ಮೂಲೆಯಲ್ಲಿ ಕುಳಿತಿದ್ದ ತಾಯಿಯವರು ಎಂದಿನಂತೆ ಕೇಳಿದರು: “ಯಾರು ಮಾಡಿದ್ದೋ ಅದು?”

“ನಾನೇ ಮಾಡಿದ್ದು ಅಜ್ಜೀ.”

“ಹಂಗಾದ್ರೆ ಅಂಗಡೀದು ಹೆಂಗಾದೀತು? ಇತ್ತ ಕೊಡು.”

ಎಂಬತ್ತು ದಾಟಿದ ಆ ಜೀವ ಅರ್ಧ ಬಿಲ್ಲೆಯನ್ನು ನಿಧಾನವಾಗಿ ಮೆದ್ದು ತಿಂದಿತು. ಅಂಗಡಿಯ ತಿಂಡಿಯ ಹಿಂದೆಯೂ ಯಾರ ಮಗನದೋ ಕೈ ಇದ್ದೇ ಇರುತ್ತದೆಂಬ ಮಾತು ಇಷ್ಟು ವರ್ಷ ನಮಗೇ ಹೊಳೆದಿರಲಿಲ್ಲ.

ನಮ್ಮ ಗಂಟಲಿನಲ್ಲಿ ಮಾತ್ರ ತುತ್ತು ಸುಲಭವಾಗಿ ಇಳಿಯುತ್ತಿರಲಿಲ್ಲ. ಇಪ್ಪತ್ತು ವರ್ಷಗಳಿಗೂ ಹಿಂದೆ, ನಾವು ಸಹಶಿಕ್ಷಕರಾಗಿದ್ದಾಗ, ಅವನು ಏಳನೆಯ ತರಗತಿಯಲ್ಲಿದ್ದ. ಶೇಕಡಾ ಲೆಕ್ಕ ಅವನ ತಲೆಗೆ ಹತ್ತುತ್ತಿರಲಿಲ್ಲ. ಮೂರು ದಿನ ಒಂದೇ ಲೆಕ್ಕವನ್ನು ತಪ್ಪಿದಾಗ ನಮ್ಮ ಸಹನೆ ಕೆಟ್ಟು, ಇಡೀ ತರಗತಿಯ ಮುಂದೆ ‘ನೀನು ಹಿಟ್ಟು ಕಲಸುವುದಕ್ಕೂ ಲಾಯಕ್ಕಿಲ್ಲ’ ಎಂದುಬಿಟ್ಟೆವು. ಮಕ್ಕಳು ನಕ್ಕರು. ನಾವೂ ನಕ್ಕೆವು. ಪರೀಕ್ಷೆಯ ಅನಂತರ ಹುಡುಗ ಶಾಲೆಗೆ ಬರಲಿಲ್ಲ. ಆ ವರ್ಷ ಮಳೆ ಹೋಗಿ ಅವರ ಹೊಲದ ಶೇಂಗಾ ಬತ್ತಿದ್ದಿತು. ಅದೇ ಕಾರಣವೆಂದು ಊರು ಹೇಳಿತು. ನಾವೂ ಹಾಗೆಯೇ ನಂಬಿದೆವು. ಹಾಗೆ ನಂಬುವುದು ನಮಗೆ ಅನುಕೂಲವಾಗಿದ್ದಿತು.

ಆ ದಿನ ಮಾತಿಗೆ ಮಾತು ಬಂದು, ಬ್ರೆಡ್ಡಿನ ಹಿಟ್ಟಿನ ಅಳತೆಯನ್ನು ಹೇಗೆ ನೆನಪಿಡುವೆಯೆಂದು ಕೇಳಿದೆವು.

“ಮೈದಾ ಎಷ್ಟಾದ್ರೂ ಇರಲಿ ಸಾರ್, ಅದನ್ನ ನೂರು ಅಂತ ಇಟ್ಕಳ್ಳೋದು. ಉಪ್ಪು ನೂರಕ್ಕೆ ಎರಡು. 25 ಕೆ.ಜಿ. ಮೈದಾಕ್ಕೆ ಅರ್ಧ ಕೆ.ಜಿ. ಆಯ್ತು. ನೀರು ನೂರಕ್ಕೆ ಅರವತ್ತು ಅಂದ್ರೆ 15 ಲೀಟರ್.”

“ಎಲ್ಲವನ್ನೂ ಕೂಡಿದರೆ ನೂರಕ್ಕಿಂತ ಹೆಚ್ಚಾಗುವುದಲ್ಲಪ್ಪಾ?”

“ಆಗ್ಲಿ ಸಾರ್. ನೂರು ಅನ್ನೋದು ಮೈದಾ ಮಾತ್ರ. ಉಳಿದಿದ್ದೆಲ್ಲ ಅದಕ್ಕೆ ಲೆಕ್ಕ.”

ಕಾಗದ, ಪೆನ್ಸಿಲು ಇಲ್ಲದೆ, ಕ್ಷಣಾರ್ಧದಲ್ಲಿ ಶೇಕಡಾ ಲೆಕ್ಕ ಮಾಡಿದವನು ಅದೇ ಹುಡುಗ! ‘ತಿಳಿದುದರಿಂದ ತಿಳಿಯದುದಕ್ಕೆ ಹೋಗು’ ಎಂಬ ಸೂತ್ರವನ್ನು ಶಿಕ್ಷಕ ತರಬೇತಿಯಲ್ಲಿ ನಾವು ಕಂಠಪಾಠ ಮಾಡಿದ್ದೆವು. ಪ್ರತಿಯೊಂದು ಪಾಠ ಯೋಜನೆಯಲ್ಲಿಯೂ ದುಂಡಗೆ ಬರೆದಿದ್ದೆವು. ಆದರೆ ಅವನ ತಾಯಿ ದಿನವೂ ಕಲಸುತ್ತಿದ್ದ ಹಿಟ್ಟನ್ನು ಬಿಟ್ಟು, ಅವನು ಕಾಣದ ಬ್ಯಾಂಕಿನ ಬಡ್ಡಿಯಿಂದ ಶೇಕಡಾ ಕಲಿಸಲು ಹೊರಟಿದ್ದೆವು. ಹಿಟ್ಟಿನ ಹೆಸರು ನಮ್ಮ ಬಾಯಿಗೆ ಬಂದದ್ದು ಬೈಗುಳವಾಗಿ ಮಾತ್ರ.

ಮನೆಯವರು ಒಳಗೆ ಹೋದ ಮೇಲೆ ಕೇಳಿದೆವು: “ಅಂದು ತರಗತಿಯಲ್ಲಿ ನಾವಾಡಿದ ಮಾತೊಂದು ನಿನಗೆ ನೆನಪಿದೆಯೇನಪ್ಪಾ?”

ಅವನು ತಟ್ಟೆಯನ್ನೇ ನೋಡುತ್ತಾ ಹೇಳಿದ: “ನೆನಪೈತೆ ಸಾರ್. ಮೊದಲ್ನೇ ವರ್ಷ ಹಿಟ್ಟು ಕಲಸೋವಾಗ ದಿನಾ ನೆನಪಾಗೋದು. ಆಮೇಲೆ ಕೈ ಕುದುರಿತು.”

“ತಪ್ಪಾಯಿತಪ್ಪಾ” ಎಂದೆವು.

ಅವನು ತರಗತಿಯಲ್ಲಿ ನಿಲ್ಲುತ್ತಿದ್ದಂತೆಯೇ ಥಟ್ಟನೆ ಎದ್ದು ನಿಂತ. ಏನು ಹೇಳಬೇಕೆಂದು ತೋರದೆ, ಪೆಟ್ಟಿಗೆಯನ್ನು ನಮ್ಮ ಕಡೆಗೆ ಸರಿಸಿ, “ಇನ್ನೊಂದು ತಗೊಳ್ಳಿ ಸಾರ್. ನಾಳೆಗೆ ಇದು ಚೆನ್ನಾಗಿರಲ್ಲ” ಎಂದ.

ನಾವು ಇನ್ನೊಂದನ್ನು ತೆಗೆದುಕೊಂಡೆವು. ಕ್ಷಮೆಯೂ ಅಂಥದೇ ತಿಂಡಿ. ಬಿಸಿಯಿರುವಾಗಲೇ ಕೊಡಬೇಕು. ನಾವು ಅದನ್ನು ಇಪ್ಪತ್ತು ವರ್ಷ ತಂಗಳು ಮಾಡಿ ಕೊಟ್ಟೆವು. ಅವನು ಅದನ್ನೂ ಬಿಸಿ ಮಾಡಿಕೊಂಡು ತಿಂದ.

ಜೂನಿನಲ್ಲಿ ಶಾಲೆ ತೆರೆದ ಮೇಲೆ ಶೇಕಡಾ ಪಾಠಕ್ಕೆ ಒಂದು ತಕ್ಕಡಿ, ಒಂದು ಸೇರು ಜೋಳದ ಹಿಟ್ಟು, ಉಪ್ಪು, ಒಂದು ಚೊಂಬು ನೀರು ತೆಗೆದುಕೊಂಡು ಹೋದೆವು. ಕೊನೆಯ ಸಾಲಿನಲ್ಲಿ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು, “ಸಾರ್, ಎಲ್ಲಾ ಕೂಡಿದ್ರೆ ನೂರಕ್ಕಿಂತ ಜಾಸ್ತಿ ಆತಲ್ಲ?” ಎಂದಳು. ನಾವು ಅವಳನ್ನು ಮುಂದಕ್ಕೆ ಕರೆದು, ತಕ್ಕಡಿಯನ್ನು ಅವಳ ಕೈಗೇ ಕೊಟ್ಟೆವು.